ಎರಡನೇ ದಿಬ್ಬಕ್ಕೆ ಹೊದಿಸಿದ ಕಂಬಳಿ

ಬುರುಲ್ ಅಪಾ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ನಮ್ಮ ಊರಿನಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ ಅವರ ಬಗ್ಗೆ ನನಗಿಂತ ಚೆನ್ನಾಗಿ, ನನಗಿಂತ ಪ್ರೀತಿಯಿಂದ ಹೇಳುವವರು ಸಿಗುತ್ತಾರೆ. ಆದರೆ ಕೊನೆಗಾಲದಲ್ಲಿ ಅವರ ಹೆಸರಿಗೆ ಅಂಟಿದ ಒಂದು ಕಳಂಕದ ನಿಜ ಏನು ಅನ್ನುವುದು ನನ್ನೊಬ್ಬನಿಗೇ ಗೊತ್ತು. ಹೇಳಬೇಕಾದ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಈಗ ಪೆನ್ನು ಹಿಡಿದಿದ್ದೇನೆ, ಮಹಾ ಧೈರ್ಯವಂತ.

ಅವರು ನೀರುಗಂಟಿ ಮುಕಾಯ್ ಅಬಾ ಅವರ ಹೆಂಡತಿ; ಹಿರಿಯ ಹೆಂಗಸನ್ನು ಅಪಾ, ಹಿರಿಯ ಗಂಡಸನ್ನು ಅಬಾ ಅನ್ನುವುದು ನಮ್ಮ ಕಡೆಯ ರೂಢಿ. ನರಿನ್ ನದಿಯ ದಂಡೆಯಲ್ಲಿರುವ ನಮ್ಮ ಊರಿಗೆ ಕುಡಿಯುವ ನೀರು ಬರುವುದು ಹದಿನಾಲ್ಕು ಕಿಲೋಮೀಟರ್ ಮೇಲಿನ ಬೆಟ್ಟದ ಬುಗ್ಗೆಯಿಂದ, ಒಂದೇ ಒಂದು ಉಕ್ಕಿನ ಕೊಳವೆಯಲ್ಲಿ. ಸೋವಿಯತ್ ಕಾಲದ್ದು, ತಬ್ಬಿಕೊಂಡರೆ ಎರಡು ಕೈ ಕೂಡದಷ್ಟು ದಪ್ಪ. ದಾರಿಯಲ್ಲಿ ಅದು ಮೂರು ದಿಬ್ಬ ಹತ್ತಿ ಇಳಿಯುತ್ತದೆ. ಒಂದೊಂದು ದಿಬ್ಬದ ನೆತ್ತಿಯಲ್ಲೂ ಇಟ್ಟಿಗೆ ಗೂಡಿನೊಳಗೆ ಒಂದು ಏರ್ ವಾಲ್ವ್ ಇದೆ. ಕೊಳವೆಗೆ ನೀರು ತುಂಬುವಾಗ ಒಳಗಿನ ಗಾಳಿ ಅದರಿಂದ ಹೊರಗೆ ಹೋಗಬೇಕು, ನೀರು ಖಾಲಿ ಮಾಡುವಾಗ ಹೊರಗಿನ ಗಾಳಿ ಅದರಿಂದಲೇ ಒಳಗೆ ಬರಬೇಕು. ನೀರು ಹೋದಷ್ಟು ಬೇಗ ಗಾಳಿ ಬರದಿದ್ದರೆ ಒಳಗೆ ಒತ್ತಡ ಬಿದ್ದುಹೋಗಿ, ಹೊರಗಿನ ಗಾಳಿಯೇ ಉಕ್ಕನ್ನು ಅಮುಕಿ ಹಾಕುತ್ತದೆ. ಮಕ್ಕಳು ಹಣ್ಣಿನ ರಸದ ಪೊಟ್ಟಣವನ್ನು ಕೊನೆಯವರೆಗೂ ಹೀರಿದಾಗ ಅದು ಮುದುಡಿಕೊಳ್ಳುತ್ತದಲ್ಲ, ಹಾಗೆ.

ನೀರುಗಂಟಿಯ ಮನೆ ಇದ್ದದ್ದು ಎರಡನೇ ದಿಬ್ಬದ ಮಗ್ಗುಲಲ್ಲಿ. ಬುರುಲ್ ಅಪಾ ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಅಲ್ಲಿಗೆ ಬಂದರು. ಮೊದಲ ಚಳಿಗಾಲದಲ್ಲೇ ಏರ್ ವಾಲ್ವ್ ಹೆಪ್ಪುಗಟ್ಟಿ ಒಡೆದು, ಊರಿನ ನೀರು ಕಚೇರಿಯಿಂದ ಬಂದ ಸಾಹೇಬರು ಗಂಡನನ್ನು ಅಂಗಳದಲ್ಲಿ ನಿಲ್ಲಿಸಿ ಬೈದರಂತೆ. ಮರುವರ್ಷ ಚಳಿ ಬರುವ ಮೊದಲೇ ಹೊಸ ಮದುಮಗಳು ಮೂರು ವಾಲ್ವಿಗೂ ಮೂರು ಕಂಬಳಿ ಮಾಡಿಕೊಟ್ಟಳು. ನೇಯ್ದ ಕಂಬಳಿ ಅಲ್ಲ. ಉಣ್ಣೆಯನ್ನು ಕೋಲಿನಲ್ಲಿ ಬಡಿದು, ಜೊಂಡಿನ ಚಾಪೆಯ ಮೇಲೆ ಹರಡಿ, ಕುದಿನೀರು ಚಿಮುಕಿಸಿ, ಚಾಪೆ ಸಮೇತ ಸುತ್ತಿ, ಒದ್ದು ಉರುಳಿಸಿ, ಆಮೇಲೆ ಮೊಣಕೈಯಲ್ಲಿ ಉಜ್ಜಿ ಉಜ್ಜಿ ಗಟ್ಟಿ ಮಾಡುವ ನಮ್ಮ ಕಡೆಯ ಕಂಬಳಿ. ಅಲ್ಲಿಂದ ನಲವತ್ತೊಂದು ವರ್ಷ, ಪ್ರತಿ ವರ್ಷ ಹೊಸದು ಮಾಡಿದರು. ಪಗಾರ ಗಂಡನಿಗೆ ಬರುತ್ತಿತ್ತು, ಇವರಿಗೆ ಯಾರೂ ಏನೂ ಕೊಟ್ಟಿದ್ದಿಲ್ಲ, ಇವರು ಕೇಳಿದ್ದೂ ಇಲ್ಲ.

ಆ ಕಂಬಳಿಗಳ ಮಗ್ಗುಲಲ್ಲಿ ಅಂಗೈಯಗಲದ ಒಂದು ಸೀಳು ಇರುತ್ತಿತ್ತು, ಸೀಳಿಗೆ ಎತ್ತಿ ಕಟ್ಟುವ ಒಂದು ಮುಚ್ಚಳ. ಕೊಳವೆ ಖಾಲಿ ಮಾಡುವ ದಿನ ಮುಚ್ಚಳ ಎತ್ತಿ ಕಟ್ಟಿದರೆ ಆಯಿತು. "ಅದೂ ಉಸಿರಾಡ್ಬೇಕಲ್ಲ, ಪಾಪ" ಅನ್ನುತ್ತಿದ್ದರು. ಊರಿನ ಹೆಂಗಸರಿಗೆ ಇದೊಂದು ತಮಾಷೆಯ ವಿಷಯ. ನಿನ್ನ ಹೆಣ್ಣುಮಕ್ಕಳಿಗಿಂತ ಕಬ್ಬಿಣದ ತುಂಡಿಗೇ ಒಳ್ಳೆ ಕೋಟು ಹೊಲಿದಿದ್ದೀಯಲ್ಲೇ ಅಂತ ರೇಗಿಸಿದರೆ, ಮಕ್ಕಳಿಗೆ ಚಳಿಯಾದರೆ ಅಳುತ್ತವೆ, ಅದಕ್ಕೆ ಅಳೋಕೆ ಬರಲ್ವಲ್ಲ ಅಂದು ಬಾಯ್ತುಂಬ ನಗುತ್ತಿದ್ದರು. ಆ ನಗು ಕೇಳಿದರೆ ಕುದುರೆ ಕಿವಿ ನಿಮಿರಿಸುತ್ತಿತ್ತು, ಅಷ್ಟು ಜೋರು. ಮದುವೆ ನಿಶ್ಚಯವಾದ ಮನೆಯವರು ಮೊದಲು ಹುಡುಕಿಕೊಂಡು ಹೋಗುತ್ತಿದ್ದದ್ದು ಅವರನ್ನೇ. ಬುರುಲ್ ಅಪಾ ತುಳಿದ ಕಂಬಳಿ ಹೊಸ ಮನೆಯ ನೆಲದ ಮೇಲೆ ಬೀಳದಿದ್ದರೆ ಆ ಮದುವೆಗೆ ಕಳೆಯೇ ಇಲ್ಲ ಅನ್ನುವ ಹಾಗಿತ್ತು.

ಇನ್ನು ನಾನು. ಹೆಸರು ಕುಬಾನ್, ನೀರು ಕಚೇರಿಯ ಇಂಜಿನಿಯರ್, ರಾಜಧಾನಿ ಬಿಷ್ಕೆಕ್‌ನಲ್ಲಿ ಓದಿ ಬಂದವನು. ನನ್ನ ಕೆಲಸ ಕಂಪ್ಯೂಟರಿನಲ್ಲಿ ನೀರು ಹರಿಸಿ ನೋಡುವುದು. ಕೊಳವೆಯ ಉದ್ದ, ಎತ್ತರ, ಉಕ್ಕಿನ ದಪ್ಪ, ವಾಲ್ವುಗಳ ಅಳತೆ ಎಲ್ಲ ತುಂಬಿಸಿ, ನೀರು ಹೊರಬಿಡುವ ಬುಡದ ವಾಲ್ವನ್ನು ಇಷ್ಟು ಬೇಗ ತೆರೆದರೆ ಯಾವ ಜಾಗದಲ್ಲಿ ಒತ್ತಡ ಎಷ್ಟು ಬೀಳುತ್ತದೆ ಅಂತ ಪರದೆಯ ಮೇಲೆ ಗೆರೆ ಎಳೆಸುವುದು. ಗೆರೆ ಕೆಂಪು ಪಟ್ಟಿಗೆ ಇಳಿದರೆ ಅಪಾಯ. ಕಚೇರಿಯ ಹೆಂಗಸರು ಇದಕ್ಕೆ ಸುಳ್ಳುನೀರು ಅಂತ ಹೆಸರಿಟ್ಟಿದ್ದರು. ಕುಬಾನ್ ಬೆಳಗ್ಗೆಯಿಂದ ಸುಳ್ಳುನೀರು ಕುಡೀತಿದಾನೆ, ಯಾರಾದ್ರೂ ಅವನಿಗೆ ನಿಜವಾದ ಚಹಾ ಕೊಡ್ರೇ ಅನ್ನುವರು. ನನಗೆ ಒಳಗೊಳಗೇ ಉರಿಯುತ್ತಿತ್ತು. ನನ್ನ ವಿದ್ಯೆಯ ಬೆಲೆ ಈ ಊರಿಗೆ ಗೊತ್ತಿಲ್ಲ ಅನ್ನುವ ಜಂಬ ನನಗೆ ಮೂಗಿನವರೆಗೂ ಇತ್ತು.

ಪ್ರತಿ ಅಕ್ಟೋಬರ್‌ನಲ್ಲಿ ಕೊಳವೆ ಖಾಲಿ ಮಾಡಿ ದುರಸ್ತಿ ಮಾಡುವುದು ವಾಡಿಕೆ. ಮುಕಾಯ್ ಅಬಾ ಅದಕ್ಕೆ ಎರಡು ದಿನ ಹಿಡಿಯುತ್ತಿದ್ದರು. ನದಿ ಹತ್ತಿರದ ಬುಡದ ವಾಲ್ವಿನ ಚಕ್ರವನ್ನು ಕಾಲು ಸುತ್ತು ತಿರುಗಿಸಿ, ಒಂದು ಬಟ್ಟಲು ಚಹಾ ಕುಡಿದು, ಕೊಳವೆಗೆ ಕಿವಿ ಕೊಟ್ಟು, ಮತ್ತೆ ಕಾಲು ಸುತ್ತು. ಆ ವರ್ಷ ಹೊಸ ಸಾಹೇಬರು ಬಂದಿದ್ದರು. ಎರಡು ದಿನ ನೀರಿಲ್ಲ ಅಂದರೆ ಜನ ಬಾಯಿಗೆ ಬಂದ ಹಾಗೆ ಬೈತಾರೆ, ಒಂದೇ ದಿನದಲ್ಲಿ ಮುಗಿಸೋಕಾಗುತ್ತಾ ಅಂತ ನನ್ನನ್ನು ಕೇಳಿದರು. ಕೊನೆಗೂ ಯಾರೋ ನನ್ನ ಯಂತ್ರವನ್ನು ಮಾತಾಡಿಸಿದರಲ್ಲ ಅಂತ ಕುಣಿದುಬಿಟ್ಟೆ. ಹಳೆಯ ನಕ್ಷೆ ತೆಗೆದು, ಏರ್ ವಾಲ್ವಿನ ಬಾಯಿ ನೂರು ಮಿಲಿಮೀಟರ್ ಅಂತ ತುಂಬಿಸಿ, ಸುಳ್ಳುನೀರು ಹರಿಸಿದೆ. ಆರು ಗಂಟೆಯಲ್ಲಿ ಖಾಲಿ ಮಾಡಬಹುದು, ಗೆರೆ ಕೆಂಪು ಮುಟ್ಟುವುದಿಲ್ಲ ಅಂತ ಬಂತು.

ಸುದ್ದಿ ಕೇಳಿ ಮುಕಾಯ್ ಅಬಾ ಕುದುರೆ ಏರಿ ಕಚೇರಿಗೆ ಬಂದರು. ಜಗಳಕ್ಕಲ್ಲ, ಅವರು ಜಗಳದ ಮನುಷ್ಯನೇ ಅಲ್ಲ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತು, ಪರದೆಯನ್ನೇ ನೋಡುತ್ತ ಹೇಳಿದರು.

"ನಿನ್ನ ಕಾಗದ ನಾನು ಕೆಲಸಕ್ಕೆ ಸೇರೋಕೆ ಮುಂಚಿನದಪ್ಪ. ಶನಿವಾರ ಬಾ, ಮೂರು ದಿಬ್ಬನೂ ಒಂದ್ಸಲ ಕಣ್ಣಾರೆ ನೋಡು. ನಿಮ್ಮ ಅಪಾ ಕುರಿ ತಲೆ ಬೇಯಿಸ್ತಾಳೆ."

ಬರ್ತೀನಿ ಅಬಾ ಅಂದೆ. ಹೋಗಲಿಲ್ಲ. ಆ ಶನಿವಾರ ನಾದಿನಿಯ ಮಗನ ಹುಟ್ಟಿದ ಹಬ್ಬದ ಔತಣ ಇತ್ತು. ಕುದುರೆ ಮಾಂಸ ತಿಂದು, ಹಾಡು ಹೇಳಿ, ಬಿದ್ದುಕೊಂಡೆ. ಸೋಮವಾರ ಸಾಹೇಬರ ಮೇಜಿನ ಮೇಲೆ ಇಡಬೇಕಾದ ಕಾಗದದಲ್ಲಿ "ಸ್ಥಳಕ್ಕೆ ಹೋಗಿ ಪರೀಕ್ಷಿಸಲಾಗಿದೆ" ಅನ್ನುವ ಸಾಲು ಇತ್ತು, ಅದರ ಕೆಳಗೆ ಸಹಿ ಹಾಕಿದೆ. ಎಲ್ಲರೂ ಹಾಕುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದು ನೆನಪಿದೆ.

ಖಾಲಿ ಮಾಡುವ ದಿನ ನಾನೇ ಬುಡದ ವಾಲ್ವಿನ ಪಕ್ಕ ನಿಂತಿದ್ದೆ, ಕೈಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಸುತ್ತು ಅನ್ನುವ ಪಟ್ಟಿ. ಆ ವರ್ಷ ಚಳಿ ಬೇಗ ಬಂದಿತ್ತು. ಕಂಬಳಿಗಳನ್ನು ಆಗಲೇ ಹೊದಿಸಿ ಆಗಿತ್ತು, ಮುಚ್ಚಳಗಳನ್ನು ಬೆಳಗ್ಗೆಯೇ ಎತ್ತಿ ಕಟ್ಟಿ ಬಂದಿದ್ದೇನೆ ಅಂದರು ಮುಕಾಯ್ ಅಬಾ. ಹಿಂದೆ ಎಷ್ಟೋ ವರ್ಷ ಹಾಗೇ ಖಾಲಿ ಮಾಡಿದವರು ಅವರು. ಮೂರನೇ ಸುತ್ತಿಗೆ ಬಂದಾಗ ಚಕ್ರದ ಮೇಲೆ ಅವರ ಕೈ ನಿಂತಿತು. ಕೈಗೆ ಯಾಕೋ ಸರಿ ಅನ್ನಿಸ್ತಿಲ್ಲ, ಒಂದು ಗಂಟೆ ಬಿಟ್ಟು ನೋಡೋಣ ಅಂದರು. ನಾನು ಪಟ್ಟಿಯನ್ನು ಅವರ ಮುಖದ ಮುಂದೆ ಹಿಡಿದೆ.

"ಕೈ ಕೇಳ್ಕೊಂಡು ಎಷ್ಟು ವರ್ಷ ಅಂತ ಕೂತಿರ್ತೀರ ಅಬಾ? ಲೆಕ್ಕ ಸರಿಯಾಗಿದೆ. ತಿರುಗಿಸಿ."

ಅವರು ನನ್ನ ಮುಖ ನೋಡಿದರು, ತಿರುಗಿಸಿದರು. ಓದಿದ ಹುಡುಗ ಹೇಳುತ್ತಿದ್ದಾನೆ ಅನ್ನುವ ಗೌರವ ಆ ತಲೆಮಾರಿನವರಿಗೆ. ಮಧ್ಯಾಹ್ನದ ಹೊತ್ತಿಗೆ ಮೇಲಿಂದ ಒಂದು ಸದ್ದು ಬಂತು, ನದಿಯ ಸದ್ದನ್ನೂ ಮೀರಿ. ಮನೆಯಲ್ಲಿದ್ದ ಬುರುಲ್ ಅಪಾಗೆ ಭೂಮಿ ನಡುಗಿದ ಹಾಗಾಗಿ, ಹಾಲಿನ ಪಾತ್ರೆ ಕೆಳಗಿಟ್ಟು ಹೊರಗೋಡಿ ಬಂದರಂತೆ. ಎರಡನೇ ದಿಬ್ಬದ ಮೇಲೆ, ಬಂಡೆಗಳ ನಡುವೆ ಕೊಳವೆ ನೆಲದ ಮೇಲೆ ಹಾದು ಹೋಗುವ ಜಾಗದಲ್ಲಿ, ನಲವತ್ತು ಮೀಟರ್ ಉಕ್ಕು ತುಳಿದ ಡಬ್ಬಿಯ ಹಾಗೆ ಚಪ್ಪಟೆಯಾಗಿತ್ತು.

ಊರಿಗೆ ಒಂಬತ್ತು ದಿನ ನೀರಿರಲಿಲ್ಲ. ಹೆಂಗಸರು ನದಿಯ ಅಂಚಿನ ಮಂಜುಗಡ್ಡೆ ಒಡೆದು ಕ್ಯಾನು ತುಂಬಿ ಹೊತ್ತರು. ಆಸ್ಪತ್ರೆಗೆ ಟ್ಯಾಂಕರಿನಲ್ಲಿ ನೀರು ಹೋಯಿತು. ನದಿ ಹತ್ತಿರ ಜಾರಿ ಬಿದ್ದು ಒಬ್ಬ ಮುದುಕಿಯ ಸೊಂಟ ಮುರಿಯಿತು.

ಕೊಳವೆ ಚಪ್ಪಟೆಯಾದ ಮರುದಿನವೇ ಮೇಲಿನ ಕಚೇರಿಯಿಂದ ವಿಚಾರಣೆಗೆ ಮೂವರು ಬಂದರು. ದಿಬ್ಬದ ಮೇಲೆ ಅವರಿಗೆ ಮೊದಲು ಕಂಡದ್ದೇ ಕಂಬಳಿ. ಏರ್ ವಾಲ್ವಿನ ಬಾಯಿಗೆ ಅದು ಒಳಕ್ಕೆ ಹೀರಿಕೊಂಡು ಅಂಟಿತ್ತು, ಸೀಳು ಮುಚ್ಚಳ ಎಲ್ಲ ಮುದ್ದೆಯಾಗಿ. ಇನ್ನೇನು ಬೇಕು, ಫೋಟೋ ತೆಗೆದರು. ಇದು ಯಾರ ಕೆಲಸ ಅಂತ ಕೇಳಿದಾಗ ಮುಕಾಯ್ ಅಬಾ ಒಂದೇ ಮಾತು ಹೇಳಿದರು: "ಕಂಬಳಿ ನಮ್ಮ ಮನೇದು." ಬುರುಲ್ ಅಪಾ ಗೂಡಿನ ಬಾಗಿಲಲ್ಲಿ ನಿಂತಿದ್ದರು. ಆ ಮುಖ ನೋಡಲಾಗದೆ ನಾನು ಕೆಲಸ ಮಾಡುವವನ ಹಾಗೆ ಬಗ್ಗಿ, ಕಂಬಳಿ ಎತ್ತಿ, ವಾಲ್ವಿನ ಬಾಯಿಗೆ ಕೈ ಹಾಕಿದೆ. ಮುಷ್ಟಿ ಒಳಗೆ ಹೋಗಲಿಲ್ಲ.

ನೂರು ಮಿಲಿಮೀಟರ್ ಬಾಯಿಯಲ್ಲಿ ನನ್ನ ಮುಷ್ಟಿ ಸಲೀಸಾಗಿ ಹೋಗಬೇಕು. ಇದು ಐವತ್ತರದ್ದು. ತೊಂಬತ್ತರ ದಶಕದಲ್ಲಿ ಜನ ಕಂಡಕಂಡ ಕಬ್ಬಿಣ ಕಿತ್ತು ಗುಜರಿಗೆ ಹಾಕುತ್ತಿದ್ದ ಕಾಲದಲ್ಲಿ ಮೂಲದ ವಾಲ್ವ್ ಕಳುವಾಗಿ, ಕಚೇರಿಯವರು ಸಿಕ್ಕಿದ ಸಣ್ಣದನ್ನು ಕೂರಿಸಿ ನಕ್ಷೆ ತಿದ್ದದೆ ಬಿಟ್ಟಿದ್ದಿರಬೇಕು. ಮಿಲಿಮೀಟರಿನ ಲೆಕ್ಕ ಮುಕಾಯ್ ಅಬಾಗೆ ಗೊತ್ತಿರಲಿಲ್ಲ, ಅವರ ಕೈ ಮಾತ್ರ ಆ ಬಾಯಿಗೆ ತಕ್ಕ ನಿಧಾನ ಕಲಿತಿತ್ತು. ಶನಿವಾರ ಕುದುರೆ ಏರಿ ಬಂದಿದ್ದರೆ ಒಂದು ನೋಟಕ್ಕೆ ಗೊತ್ತಾಗುತ್ತಿತ್ತು. ವಿಚಾರಣೆಯವರು ಅಳೆಯಲಿಲ್ಲ. ಅವರಿಗೆ ಕಂಬಳಿ ಸಿಕ್ಕಿತ್ತಲ್ಲ.

ಕಚೇರಿಗೆ ಬಂದು ಬಾಗಿಲು ಹಾಕಿಕೊಂಡು ಮತ್ತೆ ಸುಳ್ಳುನೀರು ಹರಿಸಿದೆ. ಈ ಸಲ ಬಾಯಿ ಐವತ್ತು, ಕಂಬಳಿಯೇ ಇಲ್ಲ, ನನ್ನ ಆರು ಗಂಟೆಯ ಪಟ್ಟಿ. ಎರಡನೇ ದಿಬ್ಬದ ಹತ್ತಿರ ಗೆರೆ ಕೆಂಪು ಪಟ್ಟಿಯನ್ನೂ ದಾಟಿ ತಳಕ್ಕೆ ಬಿತ್ತು. ತುಕ್ಕು ತಿಂದು ಅರ್ಧವಾದ ಆ ಉಕ್ಕು ಅದನ್ನು ತಡೆಯುವ ಮಾತೇ ಇಲ್ಲ. ಆಮೇಲೆ ಕಂಬಳಿ ಹೊದಿಸಿದೆ. ಸೀಳಿನಷ್ಟೇ ಜಾಗ ಬಿಟ್ಟು, ಮುಕಾಯ್ ಅಬಾ ಅವರ ಎರಡು ದಿನದ ನಿಧಾನದಲ್ಲಿ ಹರಿಸಿದೆ. ಗೆರೆ ಒಂಚೂರು ತಗ್ಗಿ, ಹಾಯಾಗಿ ಸಾಗಿತು. ಕಂಬಳಿ ಏನೂ ಮಾಡಿರಲಿಲ್ಲ. ಕೊಳವೆಯೊಳಗಿನ ಒತ್ತಡ ಬಿದ್ದು ಅದನ್ನು ಎಳೆದುಕೊಂಡಿತ್ತು, ಅಷ್ಟೇ. ಕಂಬಳಿ ಇರಲಿ ಬಿಡಲಿ, ನನ್ನ ಪಟ್ಟಿ ಆ ಕೊಳವೆಯನ್ನು ಚಪ್ಪಟೆ ಮಾಡಿಯೇ ತೀರುತ್ತಿತ್ತು.

ಐದು ಸಲ ಹರಿಸಿದೆ, ಐದು ಸಲವೂ ಅದೇ. ಕಂಪ್ಯೂಟರ್ ಆರಿಸಿ ಮನೆಗೆ ಹೋದೆ. ಯಾಕೆ ಹೇಳಲಿಲ್ಲ ಅಂದರೆ, ಹೆದರಿದೆ. ಹೋಗದ ಜಾಗಕ್ಕೆ ಹೋಗಿದ್ದೇನೆ ಅಂತ ಸಹಿ ಹಾಕಿದವನು ನಾನು. ಕೆಲಸ ಹೋಗುತ್ತದೆ, ಊರು ಉಗಿಯುತ್ತದೆ, ಸುಳ್ಳುನೀರಿನ ಕುಬಾನ್ ಅಂತ ಸಾಯುವವರೆಗೂ ಆಡಿಕೊಳ್ಳುತ್ತಾರೆ ಅಂತ ಹೆದರಿದೆ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯುತ್ತಿದ್ದೆ.

ಮುಕಾಯ್ ಅಬಾ ಅವರನ್ನು ಕೆಲಸದಿಂದ ತೆಗೆದರು. ದಿಬ್ಬದ ಮನೆ ಬಿಟ್ಟು ಗಂಡ ಹೆಂಡತಿ ಊರಂಚಿನ ಒಂದು ಕೋಣೆಗೆ ಬಂದರು. ಜನ ಕೆಟ್ಟವರಲ್ಲ, ಆದರೆ ಒಂಬತ್ತು ದಿನ ನೀರು ಹೊತ್ತ ಭುಜಗಳು, ನಾಲಿಗೆ ಸುಮ್ಮನಿರಬೇಕಲ್ಲ. ಬಜಾರಿನಲ್ಲಿ ಒಬ್ಬಳು, ಅಪಾ, ನಮ್ಮ ಬಾಗಿಲಿಗೊಂದು ಕಂಬಳಿ ಮಾಡ್ಕೊಡಿ, ನಿಮ್ಮದಾದ್ರೆ ಗಾಳೀನೂ ನುಗ್ಗಲ್ವಂತೆ ಅಂದಳಂತೆ. ಇದೇ ಮಾತನ್ನು ಹಿಂದೆ ಹೊಗಳಿಕೆಗೆ ಹೇಳುತ್ತಿದ್ದರು. ಬುರುಲ್ ಅಪಾ ನಗಲು ನೋಡಿದರು, ಆಗಲಿಲ್ಲ. ಆಮೇಲೆ ಉಣ್ಣೆ ಬಡಿಯುವ ಕೋಲುಗಳನ್ನು ಒಲೆಗೆ ಹಾಕಿದರು, ಜೊಂಡಿನ ಚಾಪೆಯನ್ನು ಪಕ್ಕದ ಮನೆಯ ಕೋಳಿಗೂಡಿಗೆ ಕೊಟ್ಟರು. ಮದುವೆಯವರು ಹುಡುಕಿಕೊಂಡು ಹೋಗುವುದೂ ನಿಂತಿತು.

ಡಿಸೆಂಬರ್‌ನಲ್ಲಿ ಒಂದು ದಿನ ಅವರೇ ಕಚೇರಿಗೆ ಬಂದರು. ಬೂಟಿನ ಹಿಮ ಬಾಗಿಲಲ್ಲೇ ಕೊಡವಿ, ಒಳಗೆ ಬಂದು, ಜೇಬಿನಿಂದ ನಾಲ್ಕು ಒಣಮೊಸರಿನ ಉಂಡೆ ತೆಗೆದು ನನ್ನ ಮೇಜಿನ ಮೇಲಿಟ್ಟರು. ತುಂಬಾ ಸೊರಗಿದ್ದರು. ಕೆಮ್ಮು ಬೇರೆ. ಕೂತ್ಕೊಳ್ಳಿ ಅಪಾ ಅಂದೆ. ಕೂರಲಿಲ್ಲ.

"ನಿನ್ನ ಯಂತ್ರಕ್ಕೆ ಎಲ್ಲಾ ಗೊತ್ತಾಗುತ್ತಂತಲ್ಲ ಮಗಾ. ಅದನ್ನ ಒಂದ್ಸಲ ಕೇಳ್ತೀಯಾ?"

"ಏನು ಕೇಳ್ಬೇಕು ಅಪಾ?"

"ನನ್ನ ಕಂಬಳಿಯಿಂದಾನೇ ಆಯ್ತಾ ಅಂತ. ಆ ವರ್ಷ ಉಣ್ಣೆ ಚೆನ್ನಾಗಿತ್ತು, ಸ್ವಲ್ಪ ದಪ್ಪನೇ ತುಳಿದುಬಿಟ್ಟೆ. ಮುದುಕ ಬೈಯಲ್ಲ, ಅದಕ್ಕೇ ನಿದ್ದೆ ಬರಲ್ಲ ನಂಗೆ. ಹೌದು ಅಂತಾದ್ರೆ ಹೌದು ಅನ್ನು. ನಾನೇನೂ ಅಳಲ್ಲ."

ಉತ್ತರ ನನ್ನ ಮುಂದೆಯೇ ಇತ್ತು, ಎರಡು ಗುಂಡಿ ಒತ್ತಿದರೆ ಪರದೆಯ ಮೇಲೆ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಸಾಹೇಬರು ಫೋನಿನಲ್ಲಿ ಯಾರ ಜೊತೆಯೋ ನಗುತ್ತ ಮಾತಾಡುತ್ತಿದ್ದರು, ಬಾಗಿಲು ತೆರೆದಿತ್ತು. ನಾನು ಕೀಲಿಮಣೆಯ ಮೇಲೆ ಸುಮ್ಮನೆ ಬೆರಳಾಡಿಸಿದೆ. ಪರದೆ ನೋಡಿದ ಹಾಗೆ ಮಾಡಿದೆ.

"ಹಾಗೇ ಕಾಣುತ್ತೆ ಅಪಾ" ಅಂದೆ.

ನನ್ನ ನಾಲಿಗೆ ಸೇದಿಹೋಗಬಾರದಿತ್ತೇ. ಗೊತ್ತಿಲ್ಲ ಅನ್ನಬಹುದಿತ್ತು. ಯಂತ್ರ ಕೆಟ್ಟಿದೆ ಅನ್ನಬಹುದಿತ್ತು. ಅಷ್ಟು ಸಣ್ಣ ಸುಳ್ಳು ಸಾಕಿತ್ತು, ದೊಡ್ಡದನ್ನೇ ಹೇಳಿದೆ. ಅವರು ಹೂಂ ಅಂದು ತಲೆಯಾಡಿಸಿದರು, ಬಹಳ ಹೊತ್ತಿನಿಂದ ನಿಂತಿದ್ದವರು ಆಗ ಕುರ್ಚಿಯ ಬೆನ್ನು ಹಿಡಿದುಕೊಂಡರು. ನಿನ್ನ ಮೇಲೂ ಸಾಹೇಬರು ರೇಗಿದ್ರಾ ಮಗಾ, ನನ್ನಿಂದ ನಿಂಗೂ ತೊಂದ್ರೆ ಆಯ್ತೇನೋ ಅಂತ ಕೇಳಿದರು. ಇಲ್ಲ ಅಪಾ ಅಂದೆ. ಉಂಡೆ ತಿನ್ನು, ತೆಳ್ಳಗಾಗಿದೀಯ ಅಂದು ಹೊರಟುಹೋದರು.

ಅದಾದ ಮೇಲೆ ಮೂರು ಸಲ ಅವರ ಮನೆಯ ಕಡೆಗೆ ಹೊರಟಿದ್ದೇನೆ. ಮೊದಲ ಸಲ ಗೇಟಿನವರೆಗೆ ಹೋದೆ, ಒಳಗೆ ನೆಂಟರ ಮಾತು ಕೇಳಿಸಿತು, ವಾಪಸು ಬಂದೆ. ಎರಡನೇ ಸಲ ಅರ್ಧ ದಾರಿಯಿಂದಲೇ ತಿರುಗಿದೆ. ಮೂರನೇ ಸಲ ಕೋಟು ಹಾಕಿಕೊಂಡು, ಬೂಟಿನ ದಾರ ಕಟ್ಟಿ, ಮತ್ತೆ ಬಿಚ್ಚಿದೆ. ಚಳಿ ಮುಗಿಯಲಿ, ಅವರ ಕೆಮ್ಮು ವಾಸಿಯಾಗಲಿ, ಆಮೇಲೆ ಹೇಳೋಣ ಅಂದುಕೊಂಡೆ. ಕೆಮ್ಮು ವಾಸಿಯಾಗಲಿಲ್ಲ. ಮಾರ್ಚ್ ಕೊನೆಯಲ್ಲಿ ಬುರುಲ್ ಅಪಾ ತೀರಿಕೊಂಡರು.

ಅಂಗಳದಲ್ಲಿ ಡೇರೆಮನೆ ಎಬ್ಬಿಸಿ ಅವರನ್ನು ಮಲಗಿಸಿದ್ದರು. ಒಳಗೆ ಅವರ ಹೆಣ್ಣುಮಕ್ಕಳೂ ಊರಿನ ಹೆಂಗಸರೂ ಗೋಡೆಯ ಕಡೆ ಮುಖ ಮಾಡಿ ಹಾಡಿಕೊಂಡು ಅಳುತ್ತಿದ್ದರು. ಹೊರಗೆ ಮುಕಾಯ್ ಅಬಾ ನಡುವಿಗೆ ಬಟ್ಟೆ ಬಿಗಿದುಕೊಂಡು, ಕೋಲಿನ ಮೇಲೆ ಭಾರ ಹಾಕಿ ನಿಂತಿದ್ದರು. ಬಂದವರೆಲ್ಲ ಅವರನ್ನು ತಬ್ಬಿಕೊಳ್ಳುತ್ತಿದ್ದರು. ನಾನೂ ತಬ್ಬಿಕೊಂಡೆ. ನನ್ನ ಕಿವಿಯ ಹತ್ತಿರ ಅವರು, ಒಂಟಿಯಾದೆ ಕಣಪ್ಪ ಅಂದರು. ಈಗ ಹೇಳುತ್ತೇನೆ, ಮಣ್ಣಾಗುವ ಮೊದಲು ಎಲ್ಲರ ಮುಂದೆ ಹೇಳಿಬಿಡುತ್ತೇನೆ ಅಂತ ಆ ಕ್ಷಣದಲ್ಲಿ ನಿಜವಾಗಿಯೂ ನಿಶ್ಚಯ ಮಾಡಿದ್ದೆ.

ಹೇಳಲು ಜಾಗವೂ ಇತ್ತು. ನಮ್ಮಲ್ಲಿ ಪ್ರಾರ್ಥನೆಗೆ ಗಂಡಸರು ಸಾಲಾಗಿ ನಿಂತ ಮೇಲೆ, ಹೆಣ ಎತ್ತುವ ಮೊದಲು, ಮನೆಯವರ ಪರವಾಗಿ ಮುಲ್ಲಾ ಜನರನ್ನು ಕೇಳುತ್ತಾರೆ: ಇವರು ಎಂಥವರಾಗಿದ್ದರು, ಇವರಿಂದ ಯಾರ ಮನಸ್ಸಿಗಾದರೂ ನೋವಾಗಿದೆಯೇ, ಇದ್ದರೆ ಇಲ್ಲೇ ಮನ್ನಿಸಿಬಿಡಿ ಅಂತ. ಒಳ್ಳೆಯವರಾಗಿದ್ದರು, ಏನೂ ಇಲ್ಲ ಅಂತ ಜನ ಹೇಳಬೇಕು. ನಾನು ಎರಡನೇ ಸಾಲಿನಲ್ಲಿ ನಿಂತಿದ್ದೆ. ಇನ್ನೂರು ಜನರಿದ್ದರು, ಸಾಹೇಬರೂ ಇದ್ದರು. ಮುಲ್ಲಾ ಕೇಳಬೇಕಾದ್ದನ್ನು ಕೇಳಿದರು, ಜನ ಹೇಳಬೇಕಾದ್ದನ್ನು ಹೇಳಿದರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಮುಕಾಯ್ ಅಬಾ ಕೋಲನ್ನು ಪಕ್ಕದವರ ಕೈಗೆ ಕೊಟ್ಟು ತಾವೇ ಮುಂದೆ ಬಂದರು.

"ಇನ್ನೊಂದು ಮಾತಿದೆ" ಅಂದರು. "ಅವಳ ಕೈಯಿಂದ ಊರಿಗೆ ಒಂಬತ್ತು ದಿನ ನೀರಿಲ್ದಂಗಾಯ್ತು. ಬೇಕು ಅಂತ ಮಾಡಿದ್ದಲ್ಲ. ಸಾಯೋ ಹಿಂದಿನ ದಿನ, ಇದನ್ನ ಜನರ ಹತ್ರ ಕೇಳು ಅಂತ ನನ್ನ ಕೈಲಿ ಮಾತು ತಗೊಂಡಿದ್ಲು. ಅದಕ್ಕೇ ಕೇಳ್ತಿದೀನಿ. ಅವಳನ್ನ ಕ್ಷಮಿಸ್ತೀರಾ?"

ಇನ್ನೂರು ಜನ ಒಂದೇ ಸಲ ಕ್ಷಮಿಸಿದ್ದೀವಿ ಅಂದರು. ಮುಂದಿಟ್ಟ ಹೆಜ್ಜೆಯಲ್ಲೇ ನಿಂತು, ಎಲ್ಲರ ಜೊತೆ ನಾನೂ ಅಂದೆ. ಜೋರಾಗಿಯೇ ಬಂತು ದನಿ. ಮುಕಾಯ್ ಅಬಾ ಸಾಲಿನಲ್ಲಿ ನನ್ನನ್ನು ಗುರುತಿಸಿ, ನೀರು ಕಚೇರಿಯವನೇ ಕ್ಷಮಿಸಿದ ಅಂತ, ಎದೆಯ ಮೇಲೆ ಕೈಯಿಟ್ಟು ನನಗೆ ತಲೆಬಾಗಿದರು.